ಅಪ್ಪನ ವಿಲ್‌ಗೆ ಪ್ರೊಬೇಟ್ ಬೇಕಾ?

ಅರಳಿಕಟ್ಟೆ: ಅಪ್ಪನಿಗೆ 78. ಮೈಸೂರಿನಲ್ಲಿ 30×40 ಸೈಟಿನಲ್ಲಿ ಕಟ್ಟಿದ ಮನೆ ಇದೆ, ಪೂರ್ತಿ ಅವರ ದುಡಿಮೆಯದು. ಜೊತೆಗೆ ಒಂದಿಷ್ಟು ಎಫ್‌ಡಿ. ಅಮ್ಮ ಇಲ್ಲ. ನಾನು ಮಗಳು, ನನಗೊಬ್ಬ ತಮ್ಮ. ವಿಲ್ ಬರೆಸೋಣ ಅಂತ ಒಬ್ಬ ವಕೀಲರ ಹತ್ತಿರ ಹೋದರೆ, "ಆಮೇಲೆ ಪ್ರೊಬೇಟ್ ಮಾಡಿಸಲೇಬೇಕು, ಅದನ್ನೂ ಸೇರಿಸಿ ಫೀಸ್ ಮಾತಾಡೋಣ" ಅಂದರು. ಕೋರ್ಟು ವಿಲ್ ಅಸಲಿ ಅಂತ ಮುದ್ರೆ ಒತ್ತಿ ಕೊಡುವುದೇ ಪ್ರೊಬೇಟ್ ಅಂತ ಗೊತ್ತು. ಮೈಸೂರಿನ ಮನೆಗೆ ಅದು ಬೇಕಾ?

ಹಳೇ ಪಹಣಿ: ಬೇಡ. ಹಿಂದೂಗಳ ವಿಲ್‌ಗೆ ಪ್ರೊಬೇಟ್ ಕಡ್ಡಾಯ ಇದ್ದದ್ದು ಮದ್ರಾಸ್, ಬಾಂಬೆ, ಕಲ್ಕತ್ತದ ಕಡೆ. ಮೈಸೂರಿಗೆ ಆ ಕಾಟ ಇರಲೇ ಇಲ್ಲ. ಕಡ್ಡಾಯ ಮಾಡಿದ್ದ ಭಾರತೀಯ ಉತ್ತರಾಧಿಕಾರ ಕಾಯ್ದೆಯ 213ನೇ ಸೆಕ್ಷನ್ನನ್ನೂ 2025ರ ಡಿಸೆಂಬರ್‌ನಲ್ಲಿ ಸಂಸತ್ತು ಕಿತ್ತು ಹಾಕಿತು. ಒಂದು ಬಿಳಿ ಹಾಳೆ, ಇಬ್ಬರು ಸಾಕ್ಷಿ, ಅಪ್ಪನ ಸಹಿ. ಛಾಪಾ ಕಾಗದ ಕೂಡ ಬೇಡ. ಮನೆ ಮಗನಿಗೆ ಅಂತ ಬರೆದು ಮುಗಿಸಿ.

ಎಡಿಸನ್ ಕನ್ನಡಿಗ: ಬಿಳಿ ಹಾಳೆನಾ?! ಇನ್ನೂ ಯಾವ ಕಾಲದಲ್ಲಿದ್ದೀರಿ? ಇಲ್ಲಿ ಅಮೆರಿಕದಲ್ಲಿ ತುಂಬಾ ಜನ ಬದುಕಿರುವಾಗಲೇ ಲಿವಿಂಗ್ ಟ್ರಸ್ಟ್ ಅಂತ ಮಾಡಿ ಮನೆಯನ್ನು ಅದರ ಹೆಸರಿಗೆ ಹಾಕಿಬಿಡ್ತಾರೆ. ಕೋರ್ಟಿನ ಮುಖ ನೋಡುವ ಹಾಗೇ ಇಲ್ಲ.

ಕಟಕಟೆ: ಸ್ವಾಮಿ, ಇಲ್ಲಿ ಮನೆಯನ್ನು ಟ್ರಸ್ಟಿಗೆ ಹಾಕಬೇಕು ಅಂದ್ರೆ ನೋಂದಣಿ ಆದ ಪತ್ರ ಬೇಕು. ಒಂದು ಮನೆ, ಇಬ್ಬರು ಮಕ್ಕಳು ಇರೋರಿಗೆ ಟ್ರಸ್ಟ್ ಯಾಕೆ? ಇರುವೆ ಕೊಲ್ಲೋಕೆ ಒನಕೆ ತಂದ ಹಾಗಾಯ್ತು.

ತವರಿನ ದಾರಿ: ಹಳೇ ಪಹಣಿಯವರೇ, "ಮನೆ ಮಗನಿಗೆ" ಅಂದ್ರಾ? ಪ್ರಶ್ನೆ ಕೇಳಿದವರು ಮಗಳು. ಮೂರನೇ ಸಾಲು ಮುಟ್ಟೋ ಹೊತ್ತಿಗೆ ಕಣ್ಣು ಮುಚ್ಚಿತ್ತಾ?

ಹಳೇ ಪಹಣಿ: ಬಾಯಿಗೆ ಬಂತು, ಬರೆದೆ. ಆದರೆ ತಪ್ಪೇನು? ಸ್ವಯಾರ್ಜಿತ. ಅಪ್ಪ ಯಾರಿಗೆ ಬೇಕಾದರೂ ಬರೆಯಬಹುದು. ಮಗಳಿಗೆ ಮದುವೆಯಲ್ಲೇ ಕೊಟ್ಟಿರ್ತಾರೆ.

ತವರಿನ ದಾರಿ: ಕೊಟ್ಟಿರ್ತಾರೆ! ನನಗೆ ಕೊಟ್ಟದ್ದು ನಾಲ್ಕು ಬಳೆ, ಒಂದು ಕಬ್ಬಿಣದ ಬೀರು. ಅದರ ಎಡಗಡೆ ಬಾಗಿಲಿಗೆ ಇವತ್ತಿಗೂ ಕಾಗದ ಮಡಚಿ ಸಿಕ್ಕಿಸಬೇಕು, ಇಲ್ಲದಿದ್ದರೆ ನಿಲ್ಲಲ್ಲ. ಅಣ್ಣನ ಇಂಜಿನಿಯರಿಂಗ್ ಡೊನೇಶನ್ ಯಾವ ಲೆಕ್ಕಕ್ಕೆ? ಕರ್ನಾಟಕ 1994ರಲ್ಲೇ ಹೆಣ್ಣುಮಕ್ಕಳಿಗೆ ಸಮಪಾಲು ಕೊಟ್ಟಿದೆ, ದೆಹಲಿಗಿಂತ 11 ವರ್ಷ ಮೊದಲು.

ಹಳೇ ಪಹಣಿ: 1994ರ ಕಾಯ್ದೆ ಅದಕ್ಕೆ ಮುಂಚೆ ಮದುವೆಯಾದ ಹೆಣ್ಣುಮಕ್ಕಳಿಗೆ ಅನ್ವಯಿಸುತ್ತಿರಲಿಲ್ಲ. ಅರ್ಧ ಓದಿ ಬರ್ತೀರಿ.

ತವರಿನ ದಾರಿ: ಉಳಿದರ್ಧ ನೀವು ಓದಿ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರ ತಿದ್ದುಪಡಿ ಬಂತು. 2020ರಲ್ಲಿ ಸುಪ್ರೀಂ ಕೋರ್ಟಿನ ವಿನೀತಾ ಶರ್ಮಾ ತೀರ್ಪು ಬಂತು. ಮಗಳಿಗೆ ಹಕ್ಕು ಹುಟ್ಟಿನಿಂದಲೇ. 2005ರಲ್ಲಿ ಅಪ್ಪ ಬದುಕಿರಲಿ, ಇಲ್ಲದಿರಲಿ.

ಕಟಕಟೆ: ಇಬ್ಬರೂ ಸ್ವಲ್ಪ ನಿಲ್ಲಿ. ಅದೆಲ್ಲ ಪಿತ್ರಾರ್ಜಿತಕ್ಕೆ. ಇದು ಅಪ್ಪ ಕಟ್ಟಿಸಿದ ಮನೆ. ವಿಲ್ ಇಲ್ಲದೆ ಹೋದರೆ ಇಬ್ಬರು ಮಕ್ಕಳಿಗೂ ಸಮ. ವಿಲ್ ಇದ್ದರೆ ಅದರಲ್ಲಿ ಬರೆದ ಹಾಗೆ.

ತವರಿನ ದಾರಿ: ಪಿತ್ರಾರ್ಜಿತ ಅಲ್ಲ ಅಂದ್ರೆ ನ್ಯಾಯವೂ ಇಲ್ಲ ಅಂತಾನಾ?

ಪಾಸ್‌ಬುಕ್ ಪುರಾಣ: 34 ವರ್ಷ ಬ್ಯಾಂಕಿನಲ್ಲಿದ್ದೆ. ಇಷ್ಟೊಂದು ಗಲಾಟೆ ಯಾಕೆ? ಎಫ್‌ಡಿಗೆ ನಾಮಿನಿ ಹಾಕಿಸಿ. 2025ರ ನವೆಂಬರ್ 1ರಿಂದ ನಾಲ್ಕು ಜನರ ತನಕ ಹಾಕಬಹುದು. ನಾಮಿನಿ ಇದ್ದರೆ ದುಡ್ಡು ಅವರದ್ದು, ಮುಗೀತು.

ಕಟಕಟೆ: "ಅವರದ್ದು" ಅಲ್ಲ, ಅವರ ಕೈಗೆ. ನಾಮಿನಿ ಹಣ ಇಸ್ಕೊಳ್ಳುವವರು. ಹಂಚಿಕೆ ವಾರಸುದಾರರಿಗೇ. ಸರಬತಿ ದೇವಿ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಇದನ್ನು 1983ರಲ್ಲೇ ಹೇಳಿದೆ.

ಪಾಸ್‌ಬುಕ್ ಪುರಾಣ: ಅದು ಇನ್ಶೂರೆನ್ಸ್ ಕೇಸು. 2015ರಲ್ಲಿ ಇನ್ಶೂರೆನ್ಸ್ ಕಾಯ್ದೆಯನ್ನೇ ಬದಲಾಯಿಸಿದರು. ಹೆಂಡತಿ ಮಕ್ಕಳು ನಾಮಿನಿ ಆಗಿದ್ದರೆ ಹಣ ಅವರದ್ದೇ.

ಕಟಕಟೆ: ಇನ್ಶೂರೆನ್ಸಿಗೆ ಬದಲಾಯಿತು, ಎಫ್‌ಡಿಗಲ್ಲ. ನೀವೇ ಎಫ್‌ಡಿ ಅಂದ್ರಿ.

ಪಾಸ್‌ಬುಕ್ ಪುರಾಣ: ಕೌಂಟರಿನಲ್ಲಿ ಕೂತವನಿಗೆ ಗೊತ್ತು, ಕೋಟು ಹಾಕಿದವನಿಗೆ ಏನು ಗೊತ್ತು?

ಗದ್ದೆ ಬದು: ವಿಲ್ ಗಿಲ್ ಬೇಡ, ದಾನಪತ್ರ ಮಾಡಿಸಿ. ಮನೆಯೊಳಗೇ ಕೊಡೋದಾದ್ರೆ ಮುದ್ರಾಂಕ ಶುಲ್ಕ ಸಾವಿರಗಳಲ್ಲೇ ಮುಗಿಯುತ್ತೆ. ಅಪ್ಪ ಇರುವಾಗಲೇ ಖಾತೆ ಬದಲಾಗುತ್ತೆ. ಆಮೇಲೆ ವಂಶವೃಕ್ಷ ಹಿಡ್ಕೊಂಡು ಅಲೆಯೋದು ತಪ್ಪುತ್ತೆ. ನಮ್ಮ ಅಪ್ಪ ಹೋದ ಮೇಲೆ ಪೌತಿ ಖಾತೆಗೆ ಚಪ್ಪಲಿ ಸವೆಸಿದವನು ನಾನು.

ತವರಿನ ದಾರಿ: ದಾನಪತ್ರ ಯಾರ ಹೆಸರಿಗೆ? ಮತ್ತೆ ಮಗನಿಗೇ ತಾನೇ?

ಕಟಕಟೆ: ಅರ್ಜೆಂಟ್ ಮಾಡಬೇಡಿ. ವಿಲ್ ಅನ್ನು ಅಪ್ಪ ಯಾವಾಗ ಬೇಕಾದರೂ ಬದಲಾಯಿಸಬಹುದು. ದಾನಪತ್ರ ಆದ ಮೇಲೆ ಮನೆ ಅವರದ್ದಲ್ಲ. ನೋಡಿಕೊಳ್ಳದಿದ್ದರೆ ದಾನ ರದ್ದು ಮಾಡಿಸೋಕೆ 2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಸೆಕ್ಷನ್ ಇದೆ ಅನ್ನಬಹುದು. ಆದರೆ "ನನ್ನನ್ನು ನೋಡಿಕೊಳ್ಳಬೇಕು" ಅನ್ನುವ ಷರತ್ತು ಪತ್ರದಲ್ಲಿ ಇಲ್ಲದಿದ್ದರೆ ವಾಪಸ್ ಪಡೆಯೋದು ಕಷ್ಟ.

ಹಳೇ ಪಹಣಿ: ವಿಲ್ಲೇ ಸರಿ. ಸಬ್‌ರಿಜಿಸ್ಟ್ರಾರ್ ಹತ್ತಿರ ನೋಂದಣಿ ಮಾಡಿಸಿ. ಆಮೇಲೆ ಯಾವ ಮಗಳೂ ಕೋರ್ಟಿಗೆ ಹೋಗೋಕಾಗಲ್ಲ.

ಕಟಕಟೆ: ಹೋಗಬಹುದು. ನೋಂದಣಿ ಒಂದು ಬಲ ಅಷ್ಟೇ, ಕೋಟೆಯಲ್ಲ. ನಮ್ಮ ಮೈಸೂರು ಸೀಮೆಯದೇ ಕೇಸು ಇದೆ, ವೆಂಕಟಾಚಲ ಅಯ್ಯಂಗಾರ್ ಮತ್ತು ತಿಮ್ಮಜಮ್ಮ. ಸುಪ್ರೀಂ ಕೋರ್ಟ್ ತೀರ್ಪು 1958ರದ್ದು. ವಿಲ್ ಬರೆಸೋಕೆ ಮುಂದೆ ನಿಂತವರ ಕಡೆಗೇ ಲಾಭ ಹೋಗಿದ್ದರೆ, ಅನುಮಾನ ತೀರಿಸುವ ಹೊಣೆಯೂ ಅವರದ್ದೇ. ಇವತ್ತಿಗೂ ಕೋರ್ಟುಗಳು ಅದನ್ನೇ ಎತ್ತಿ ಹೇಳುತ್ತವೆ. ಅದಕ್ಕೇ ಹೇಳೋದು, ಅಪ್ಪ ಬರೆಸುವಾಗ ಮಕ್ಕಳು ಪಕ್ಕದಲ್ಲಿ ಕೂರಬೇಡಿ. ಇನ್ನು ಪ್ರೊಬೇಟ್ ಕಡ್ಡಾಯ ಅಲ್ಲ ಅಂದರೆ ಸಿಗೋದೇ ಇಲ್ಲ ಅಂತಲ್ಲ. ತಕರಾರು ಬರುವ ಹಾಗಿದ್ದರೆ ಜಿಲ್ಲಾ ಕೋರ್ಟಿನಲ್ಲಿ ಪಡೆಯಬಹುದು.

ಹಳೇ ಪಹಣಿ: "ಬಲ ಅಷ್ಟೇ" ಅಂತೆ. ಬಲ ಇದೆ ಅಂತ ಒಪ್ಪಿದ್ರಲ್ಲ, ಸಾಕು.

ಎಡಿಸನ್ ಕನ್ನಡಿಗ: ಅದಕ್ಕೇ ಟ್ರಸ್ಟ್ ಅಂದೆ.

ಅರಳಿಕಟ್ಟೆ: ಎಲ್ಲರಿಗೂ ನಮಸ್ಕಾರ. ಅಪ್ಪ ಕನ್ನಡಕ ಏರಿಸಿಕೊಂಡು ಇಷ್ಟೂ ಓದಿದರು. ಮನೆ ಇಬ್ಬರಿಗೂ ಸಮ ಅಂತ ಅವರು ಹೋದ ವರ್ಷವೇ ಡೈರಿಯಲ್ಲಿ ಬರೆದಿಟ್ಟಿದ್ದರಂತೆ, ನಮಗೆ ಹೇಳಿರಲಿಲ್ಲ. ಈಗ ಸಾಕ್ಷಿಯದ್ದೇ ಯೋಚನೆ. ಎದುರು ಮನೆ ಮೇಷ್ಟ್ರು ಬರ್ತೀನಿ ಅಂದಿದ್ದಾರೆ. ಅವರಿಗೆ 81. ನಡೆಯುತ್ತಾ?

ಕಟಕಟೆ: ಕಾನೂನಿಗೆ ಅಡ್ಡಿಯಿಲ್ಲ. ಆದರೆ ಸಾಕ್ಷಿ ಬೇಕಾಗೋದು ಅಪ್ಪ ಹೋದ ಮೇಲೆ. ಇಬ್ಬರಲ್ಲಿ ಒಬ್ಬರಾದರೂ ನಲವತ್ತರ ಆಸುಪಾಸಿನವರಿರಲಿ. ಪಾಲು ಪಡೆಯುವವರು ಬೇಡ. ಡೈರಿಯಲ್ಲಿ ಬರೆದದ್ದಕ್ಕೆ ಇಬ್ಬರ ಸಾಕ್ಷಿ ಇಲ್ಲ ಅಂದ್ರೆ ಅದು ವಿಲ್ ಅಲ್ಲ, ಹೊಸದಾಗಿ ಬರೆಸಿ.

ಹಳೇ ಪಹಣಿ: ಸಮ ಅಂತೆ. ಮುಂದೆ ಆ ಮನೆ ಮಾರೋವಾಗ ಇಬ್ಬರ ಸಹಿಗೆ ಒದ್ದಾಡ್ತಾರೆ, ಆಗ ನನ್ನ ನೆನಪಾಗುತ್ತೆ.

ತವರಿನ ದಾರಿ: ಅದಿರಲಿ, ನಿಮ್ಮ ತಂಗಿಯ ಮದುವೆಯಲ್ಲಿ ಏನು ಕೊಟ್ರಿ, ಅದನ್ನು ಹೇಳಿ.

ಹಳೇ ಪಹಣಿ: ಬೀರು ಕೊಟ್ಟಿದ್ದೀವಿ. ಎರಡೂ ಬಾಗಿಲು ಸರಿಯಾಗಿ ನಿಲ್ಲುತ್ತವೆ.