ರಾಯಚೂರಿನ ಬಿಸಿಲಿಗೇ ಅವಮಾನ!

"ರಾಯಚೂರಾಗ ಹುಟ್ಟಿ, ರಾಯಚೂರಾಗ ಬೆಳ್ದು, ವಿಟಮಿನ್ ಡಿ ಒಂಬತ್ತು? ನಾಚಿಕಿ ಬರೂದಿಲ್ಲೇನಲೇ ನಿನಗ!"

ಬಸಣ್ಣನ ರಿಪೋರ್ಟ್ ಹಿಡಿದು ಮೌಲಾ ಕೂಗಿದ ಹೊಡೆತಕ್ಕೆ ತೀನ್ ಕಂದೀಲ್ ಹತ್ತಿರದ ಆ ಹೋಟೆಲಿನಾಗ ಒಗ್ಗರಣಿ-ಮಿರ್ಚಿ ತಿನ್ನುತ್ತಿದ್ದವರೆಲ್ಲ ತಿರುಗಿ ನೋಡಿದರು. ಇಪ್ಪತ್ತಕ್ಕಿಂತ ಕೆಳಗಿದ್ದರೆ ಕೊರತೆ. ಬಸಣ್ಣಂದು ಅದರ ಅರ್ಧವೂ ಇಲ್ಲ.

"ನಾ ಏನ್ ಬಿಸಿಲಿಗೆ ಹೋಗೂದಿಲ್ಲೇನು? ದಿನಾ ಗಂಜ್ ಮಾರ್ಕೆಟ್ಟಿಗೆ ಕಾರಿನಾಗ ಹೋಗಿ ಬರ್ತೀನಿ. ಬಲಗೈ ಸುಟ್ಟು ಕರ್ರಗಾಗೇತಿ ನೋಡು."

"ಗಾಜು ಇಳಿಸ್ತಿಯೇನು?" ಅಂದರು ಮಾಸ್ತರು. ಜೀವಶಾಸ್ತ್ರ ಕಲಿಸಿ ರಿಟೈರ್ ಆದವರು, ಯಾರ ರಿಪೋರ್ಟ್ ಬಂದರೂ ಬಿಡುವವರಲ್ಲ.

"ಏಸಿ ಇರ್ತದಲ್ರಿ ಸರ್."

"ಆತು ಬಿಡು. ಚರ್ಮದಾಗ ಡಿ ತಯಾರಾಗಾಕ ಬಿಸಿಲಿನಾಗಿನ ಯುವಿ-ಬಿ ಅನ್ನೂ ಕಿರಣ ಬೇಕು. ಅದು ಗಾಜು ದಾಟೂದಿಲ್ಲ. ದಾಟಿ ಬರೂದು ಯುವಿ-ಎ. ಅದರಿಂದ ಕರ್ರಗಾಗ್ತಿ, ಡಿ ಮಾತ್ರ ಹುಟ್ಟೂದಿಲ್ಲ."

"ಬಡ್ಡಿ ಕಟ್ಟಿದ್ದೇ ಬಂತು, ಅಸಲು ಹಂಗೇ ಉಳೀತು," ಮೌಲಾ ಮಿರ್ಚಿ ಮುರಿದ.

ಬಿಸಿಲಿಗೆ ಯಾವಾಗ ನಿಲ್ಲಬೇಕು ಅಂತ ಶರಣಪ್ಪ ಕೇಳಿದ. ಸೂರ್ಯ ಮೇಲೇರಿ ನಿನ್ನ ನೆರಳು ನಿನಗಿಂತ ಗಿಡ್ಡ ಇರುವಾಗ, ಅಂದರು ಮಾಸ್ತರು. ಶರಣಪ್ಪನ ಎತ್ತರ ಐದಡಿ ಇದ್ದರೆ ಹೆಚ್ಚು. "ಅಂದ್ರ ನಾ ನೆತ್ತಿ ಸುಡೂತನ ಕಾಯಬೇಕು, ಈ ಉದ್ದನೆ ಬಸಣ್ಣಗ ಲಗೂ ಮುಗೀತದ!" ಎಲ್ಲರಿಗೂ ಸೂರ್ಯ ಒಂದೇ ಎತ್ತರದಾಗ ಇರ್ತಾನ ಅಂತ ತಿಳಿಸಿ ಹೇಳೋಷ್ಟರಲ್ಲಿ ಚಹಾ ಆರಿತ್ತು. ಅವನಿಗೆ ಇನ್ನೂ ಅನುಮಾನ. ಅದಿರಲಿ, ಏಪ್ರಿಲ್ ತಿಂಗಳ ನಮ್ಮೂರ ಮಧ್ಯಾಹ್ನದಾಗ ನಾಯಿಯೂ ಗಟಾರ ಬಿಟ್ಟು ಮೇಲೆ ಬರೂದಿಲ್ಲ, ಇನ್ನು ಇವ ನಿಂತು ನೆರಳು ಅಳೆಯೂದು ದೂರ ಉಳೀತು.

ಶರಣಪ್ಪ ಸುಮ್ಮನಿರಲಿಲ್ಲ, ಫೋನ್ ತೆಗೆದ. "ಬಿಸಿಲು ಕಾಯಿಸಿಕೊಂಡ್ರ ಕ್ಯಾನ್ಸರೇ ಬರೂದಿಲ್ಲಂತ. ಇಲ್ಲಿ ಬಂದೇತಿ ನೋಡ್ರಿ."

"ಪೂರಾ ಗಾಳಿ ಮಾತಲ್ಲದು," ಅಂದರು ಮಾಸ್ತರು. "1980ರಾಗ ಅಮೆರಿಕದ ಗಾರ್ಲೆಂಡ್ ಅಣ್ತಮ್ಮರು, ಬಿಸಿಲು ಕಡಿಮಿ ಇರೋ ಕಡೆ ದೊಡ್ಡ ಕರುಳಿನ ಕ್ಯಾನ್ಸರಿಗೆ ಸಾಯೋರು ಹೆಚ್ಚು, ಇದಕ್ಕ ಡಿ ಕಾರಣ ಇರಬಹುದು ಅಂತ ಬರದ್ರು. ಆದ್ರ ಬರೇ ನಕ್ಷೆ ನೋಡಿ ಹೇಳಿದ್ರ ಆಗೂದಿಲ್ಲಲ್ಲ. ಮುಂದ ಅಲ್ಲೇ 25,871 ಮಂದಿನ್ನ ಹಿಡಿದು, ಅರ್ಧ ಮಂದಿಗೆ ದಿನಾ 2,000 ಯುನಿಟ್ ಡಿ, ಉಳಿದವರಿಗೆ ಡಿ ಇಲ್ಲದ ಹುಸಿಗುಳಿಗಿ ಕೊಟ್ರು. ಐದು ವರ್ಷದ ಮ್ಯಾಲೆ ನೋಡಿದ್ರ ಕ್ಯಾನ್ಸರ್ ಬಂದಿದ್ದು ಎರಡೂ ಕಡೆ ಹೆಚ್ಚುಕಡಿಮಿ ಅಷ್ಟೇ. ಮೊದಲ ಎರಡು ವರ್ಷದ ಲೆಕ್ಕ ಬಿಟ್ರ, ಕ್ಯಾನ್ಸರಿನಿಂದ ಸತ್ತವರು ಮಾತ್ರ ಡಿ ತಿಂದವರಾಗ ಒಂದೀಟು ಕಡಿಮಿ."

"ನೋಡ್ರಿ! ಐತಲ್ಲ!"

"ತಡಿಯೋ. ಆಸ್ಟ್ರೇಲಿಯಾದಾಗ ಅರವತ್ತು ದಾಟಿದ 21,000ಕ್ಕೂ ಹೆಚ್ಚು ಮಂದಿಯಾಗ ಅರ್ಧ ಮಂದಿಗೆ ತಿಂಗಳಿಗೊಮ್ಮೆ 60,000 ಯುನಿಟ್ ಕೊಟ್ರು. ಅಲ್ಲಿ ಕ್ಯಾನ್ಸರ್ ಸಾವು ಇಳೀಲಿಲ್ಲ."

ಬಸಣ್ಣ ಎದ್ದೇ ನಿಂತ. "60,000? ನನಗ ಬರಕೊಟ್ಟಿದ್ದೂ ಅದೇ ಪುಡೀರಿ!"

"ಅದು ನಿನ್ನ ಎಲುಬಿಗೆ, ಕುಂದರು."

"ಕ್ಯಾನ್ಸರ್ ಆದವರ ರಕ್ತದಾಗ ಡಿ ಕಡಿಮಿ ಇರ್ತದಂತಲ್ರಿ?" ಅಂದೆ ನಾನು.

"ಇರ್ತದ. ಆದ್ರ ಡಿ ಕಡಿಮಿ ಆಗಿ ಬ್ಯಾನಿ ಬಂತೋ, ಬ್ಯಾನಿ ಬಂದು ಮನ್ಯಾಗ ಮಲಗಿದ್ದಕ್ಕ ಡಿ ಇಳೀತೋ? ಬಿಸಿಲಾಗ ತಿರುಗೂ ಮನಿಷಾ ಮೊದಲೇ ಗಟ್ಟಿ ಇರ್ತಾನ." ನಮ್ಮ ಟೇಬಲ್ಲಿನಾಗ ಆವತ್ತು ಆಡಿದ ತೂಕದ ಮಾತು ಇದೊಂದೇ ಅನ್ನಿಸಿತು. "ಕ್ಯಾನ್ಸರ್ ಆದವರು ಡಾಕ್ಟರ್ ಹೇಳಿದ ಚಿಕಿತ್ಸಾ ಬಿಟ್ಟು ಮಾಳಿಗಿ ಮ್ಯಾಲೆ ಬಿಸಿಲಿಗೆ ಕುಂತ್ರ ಕೆಡ್ತಾರ."

ಬಸಣ್ಣನ ತಲ್ಯಾಗ ಇನ್ನೂ ಪುಡಿಯೇ ಇತ್ತು. "ವಾರಕ್ಕೊಂದು ಅಂದಾರ. ದಿನಾ ಒಂದು ಕುಡಿದ್ರ ಲಗೂ ಏರ್ತದಲ್ರಿ?"

"ತಿಂಗಳಗಟ್ಟಲೆ ಹಂಗ ಕುಡಿ, ರಕ್ತದಾಗ ಕ್ಯಾಲ್ಸಿಯಂ ಏರಿ ವಾಂತಿ ಮಾಡ್ಕೊಂತಿ, ಕಿಡ್ನಿಗೂ ಏಟು."

"ಹೋಲ್‌ಸೇಲ್ ನಡಿಯೂದಿಲ್ಲ ಅನ್ರಿ," ಅಂತ ವ್ಯಾಪಾರಿ ಬಸಣ್ಣ ಕೂತ.

ಮಾಸ್ತರು ಶರಣಪ್ಪನ ಕಡೆ ತಿರುಗಿದರು. "ಆ ಮೆಸೇಜ್ ಮೊದಲು ಅಳಿಸು."

"ಆಗ್ಲೇ ಮೂರು ಗ್ರೂಪಿಗೆ ಹಾಕೀನ್ರಿ ಸರ್. ಮಂದಿ ನಂಬೂದಿಲ್ಲಂತ ಕೆಳಗ ನಿಮ್ಮ ಹೆಸರೂ ಬರದೀನಿ."