ದೊಡ್ಡ ಬೋರಿನ ರೈಫಲ್ಲು: ಕ್ಯಾಲಿಬರ್, ತೋಟೆ, ತುಂಬುವುದು

ಅಮೆರಿಕದಲ್ಲಿ 12.7 ಮಿಲಿಮೀಟರ್ ರೈಫಲ್ಲುಗಳಿಂದ ಸಾವಿರ ಗಜ ದೂರದ ಗುರಿಗೆ ಹೊಡೆಯುವ ಸ್ಪರ್ಧೆಗಳನ್ನು ಕುರಿತ ಲೇಖನವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಈ ಸ್ಪರ್ಧೆಗಳನ್ನು ನಡೆಸುವ ಫಿಫ್ಟಿ ಕ್ಯಾಲಿಬರ್ ಶೂಟರ್ಸ್ ಅಸೋಸಿಯೇಷನ್ 1985ರಲ್ಲಿ ಆರಂಭವಾಯಿತು. ಅಲ್ಲಿನ ಹವ್ಯಾಸಿಗಳಲ್ಲಿ ನಳಿಗೆ, ಹಿಡಿ, ದುರ್ಬೀನುಗಳನ್ನು ಬೇರೆ ಬೇರೆ ಕಡೆಯಿಂದ ತರಿಸಿ ರೈಫಲ್ಲನ್ನು ಜೋಡಿಸಿಕೊಳ್ಳುವವರೂ, ತೋಟೆಗಳನ್ನು, ಅಂದರೆ ಕಾರ್ಟ್ರಿಜ್‌ಗಳನ್ನು, ತಾವೇ ತಯಾರಿಸಿಕೊಳ್ಳುವವರೂ ಇದ್ದಾರೆ. ನಮ್ಮ ದೇಶದಲ್ಲಿ ಪರವಾನಗಿಯಿಲ್ಲದೆ ಇವೆರಡನ್ನೂ ಮಾಡುವಂತಿಲ್ಲವಾದ್ದರಿಂದ ಈ ಕೆಲಸಗಳಿಗೆ ಕನ್ನಡದಲ್ಲಿ ರೂಢಿಯ ಮಾತುಗಳು ಬೆಳೆದಿಲ್ಲ ಎಂದುಕೊಂಡಿದ್ದೆ. ಹುಡುಕುತ್ತಾ ಹೋದಂತೆ ಮಾತುಗಳಿಗೆ ಕೊರತೆಯಿಲ್ಲವೆಂದೂ, ಅವುಗಳಲ್ಲಿ ಯಾವುದನ್ನು ಎಲ್ಲಿ ಬಳಸಬೇಕೆಂಬುದೇ ತೊಡಕೆಂದೂ ತೋರಿತು.

ಮೊದಲನೆಯದು ಕ್ಯಾಲಿಬರ್. ‘.50 ಕ್ಯಾಲಿಬರ್’ ಎಂದರೆ ಅರ್ಧ ಅಂಗುಲ, ಅಂದರೆ 12.7 ಮಿಲಿಮೀಟರ್. ಮುಂದಿನ ಚುಕ್ಕೆಯನ್ನು ಬಿಟ್ಟು ‘50 ಕ್ಯಾಲಿಬರ್’ ಎಂದು ಬರೆದಾಗ ಓದುಗರು ಅದನ್ನು ಐವತ್ತು ಮಿಲಿಮೀಟರ್ ಎಂದು ತಿಳಿಯುವ ಸಂಭವವಿದೆ. ಅಷ್ಟಾದರೆ ಅದು ಫಿರಂಗಿಯೇ ಸರಿ. ಹಡಗಿನ ತೋಪುಗಳ ವಿಷಯದಲ್ಲಂತೂ ಇದೇ ಮಾತಿಗೆ ಬೇರೆಯೇ ಅರ್ಥವಿದೆ: ಅಮೆರಿಕದ ಅಯೋವಾ ವರ್ಗದ ಯುದ್ಧನೌಕೆಗಳ 16 ಅಂಗುಲದ ತೋಪು ‘50 ಕ್ಯಾಲಿಬರ್’ ಎಂದರೆ ಅದರ ನಳಿಗೆಯ ಉದ್ದ ಬಾಯಿಯ ಅಗಲದ ಐವತ್ತು ಪಟ್ಟು, ಎಂದರೆ 800 ಅಂಗುಲ ಎಂದರ್ಥ. ಕೊಡಗು ಮತ್ತು ಮಲೆನಾಡಿನ ಮನೆಗಳಲ್ಲಿ ಕೇಳಿಬರುವ ‘ಹನ್ನೆರಡು ಬೋರಿನ ಕೋವಿ’ಯ ಲೆಕ್ಕ ಮೂರನೆಯ ಬಗೆಯದು. ಒಂದು ಪೌಂಡ್ ಸೀಸದಿಂದ ಹನ್ನೆರಡು ಸಮಗಾತ್ರದ ಉಂಡೆಗಳನ್ನು ಮಾಡಿದರೆ ಒಂದೊಂದರ ಅಗಲ ಸುಮಾರು 18.5 ಮಿಲಿಮೀಟರ್ ಆಗುತ್ತದೆ. ಆ ಕೋವಿಯ ಬಾಯಿಯೂ ಅಷ್ಟೇ. ಇಲ್ಲಿ ಅಂಕಿ ಹೆಚ್ಚಿದಷ್ಟೂ ಬಾಯಿ ಕಿರಿದಾಗುತ್ತದೆ.

‘ನಳಿಗೆಯ ಒಳವ್ಯಾಸ’ ಎಂದು ಬರೆದರೆ ಅರ್ಥ ಸ್ಪಷ್ಟವಾಗುತ್ತದೆಯಾದರೂ ಎಲ್ಲೆಡೆಯೂ ನಿಖರವಾಗುವುದಿಲ್ಲ. ನಮ್ಮ ಪೊಲೀಸರ ಹೆಗಲಮೇಲೆ ದಶಕಗಳ ಕಾಲ ಇದ್ದ ‘ತ್ರೀ ನಾಟ್ ತ್ರೀ’ಯ ನಳಿಗೆ .303 ಅಂಗುಲವಾದರೂ ಅದರೊಳಗೆ ಹೋಗುವ ಗುಂಡಿನ ಅಗಲ ಸುಮಾರು .311 ಅಂಗುಲ. ಬೆಂಗಳೂರಿನ ಎಸ್‌ಎಸ್‌ಎಸ್ ಡಿಫೆನ್ಸ್ ತಯಾರಿಸುವ ‘ಸೇಬರ್’ ರೈಫಲ್ಲಿನ ತೋಟೆಯ .338 ಲಪುವಾ ಮ್ಯಾಗ್ನಮ್ ಎಂಬ ಹೆಸರಿನಲ್ಲಿರುವುದು ಗುಂಡಿನ ಅಗಲ. ಹೀಗಾಗಿ ಇವನ್ನು ಅಳತೆಯೆಂದು ಅನುವಾದಿಸದೆ ಹೆಸರೆಂದೇ ಉಳಿಸಿಕೊಂಡು, ಪಕ್ಕದಲ್ಲಿ ಮಿಲಿಮೀಟರುಗಳನ್ನು ಕೊಡುವುದು ಮೇಲು ಎಂಬುದು ನನ್ನ ಅಭಿಪ್ರಾಯ.

ಇದಕ್ಕಿಂತ ಹೆಚ್ಚು ಕಾಡಿದ್ದು ‘ಲೋಡ್ ಮಾಡುವುದು’. ಮೂಲ ಲೇಖನದಲ್ಲಿ ಇದು ಎರಡು ಬೇರೆ ಕೆಲಸಗಳನ್ನು ಸೂಚಿಸುತ್ತದೆ: ಸಿದ್ಧ ತೋಟೆಯನ್ನು ರೈಫಲ್ಲಿಗೆ ಹಾಕುವುದು ಒಂದು, ಬಳಸಿದ ಹಿತ್ತಾಳೆಯ ಕೋಶಕ್ಕೆ ಹೊಸ ಕೇಪು (ಹೊಡೆತಕ್ಕೆ ಕಿಡಿ ಹುಟ್ಟಿಸುವ ಪುಟ್ಟ ಮುಚ್ಚಳ), ಮದ್ದು, ಗುಂಡುಗಳನ್ನು ಸೇರಿಸಿ ತೋಟೆಯನ್ನೇ ತಯಾರಿಸುವುದು ಇನ್ನೊಂದು. ಮಲೆನಾಡಿನ ಕೇಪಿನ ಕೋವಿಯಲ್ಲಿ ಈ ಭೇದವೇ ಇರಲಿಲ್ಲ. ನಳಿಗೆಯ ಬಾಯಿಯಿಂದ ಮದ್ದು ಸುರಿದು, ಕತ್ತ (ತೆಂಗಿನ ನಾರು) ತುರುಕಿ, ಗಜ ಎಂಬ ಸರಳಿನಿಂದ ಜಡಿದು, ಮೇಲೆ ಚರೆಯನ್ನೋ ಗುಂಡನ್ನೋ ಹಾಕಿ, ಅದು ಜಾರದಂತೆ ಮತ್ತೆ ಕತ್ತ ಒತ್ತಿ, ಕಟ್ಟಕಡೆಗೆ ಕೇಪು ಕೂರಿಸುವ ಅಷ್ಟೂ ಕೆಲಸಕ್ಕೆ ‘ಈಡು ತುಂಬುವುದು’ ಎಂಬ ಒಂದೇ ಮಾತು ಸಾಕಾಗಿತ್ತು. ಮದ್ದು, ಕೇಪು, ಗುಂಡುಗಳು ಒಂದೇ ಕೋಶದೊಳಗೆ ಸೇರಿದ ಮೇಲೆ ಕೆಲಸ ಎರಡಾಯಿತು, ಮಾತು ಮಾತ್ರ ಒಂದೇ ಉಳಿಯಿತು. ರೈಫಲ್ಲಿಗೆ ‘ತೋಟೆ ಹಾಕುವುದು’, ತಯಾರಿಕೆಗೆ ‘ತೋಟೆ ಕಟ್ಟುವುದು’ ಎಂದು ಬೇರ್ಪಡಿಸಬಹುದೆಂದು ನನಗೆ ತೋರುತ್ತದೆ. ಬೀಡಿಯನ್ನೂ ಹಾರವನ್ನೂ ಕಟ್ಟುವ ಭಾಷೆಗೆ ಇದು ಒಗ್ಗದಿರಲಾರದು. ಆದರೆ ನದಿಯಲ್ಲಿ ಮೀನು ಹಿಡಿಯಲು ಸಿಡಿಸುವ ವಸ್ತುವಿಗೂ ಕೆಲವೆಡೆ ತೋಟೆ ಎನ್ನುವುದುಂಟು. ಆ ಭಾಗದವರಿಗೆ ‘ತೋಟೆ ಕಟ್ಟುವುದು’ ಯಾವ ಅರ್ಥವನ್ನು ಕೊಡುತ್ತದೆಂಬುದನ್ನು ತಿಳಿಯಬೇಕಾಗಿದೆ. ತೋಟೆಗೆ ಬದಲಾಗಿ, 1857ರ ಪಾಠದಿಂದ ಎಲ್ಲರಿಗೂ ಪರಿಚಿತವಾದ ‘ಕಾಡತೂಸು’ ಇದೆ. ಅದು ನನ್ನ ಕಿವಿಗೆ ಎನ್‌ಫೀಲ್ಡ್ ರೈಫಲ್ಲಿನ ಕಾಗದದ ಸುತ್ತಿನಂತೆಯೇ ಕೇಳಿಸುತ್ತದೆ.

‘ಗುಂಡು’ ಕೂಡ ಹೀಗೆಯೇ ಎಡವಿಸುತ್ತದೆ. ಪತ್ರಿಕೆಗಳಲ್ಲಿ ‘ಐದು ಸಜೀವ ಗುಂಡುಗಳ ವಶ’ ಎಂದು ಓದುತ್ತೇವೆ. ಅಲ್ಲಿ ಗುಂಡೆಂದರೆ ಇಡೀ ತೋಟೆ. ವೈದ್ಯರು ದೇಹದಿಂದ ಹೊರತೆಗೆಯುವ ಗುಂಡು ಅದರ ಮುಂತುದಿಯ ಲೋಹ ಮಾತ್ರ. ಸುದ್ದಿಗೆ ಇದರಿಂದ ಬಾಧಕವಿಲ್ಲವಾದರೂ, ‘ಗುಂಡಿನ ತೂಕ’ ಎಂಬ ಮಾತು ಪದೇ ಪದೇ ಬರುವ ಲೇಖನದಲ್ಲಿ ಒಂದೇ ಅರ್ಥವನ್ನು ಪಾಲಿಸದಿದ್ದರೆ ಓದುಗ ಕಂಗೆಡುತ್ತಾನೆ. ಆ ತೂಕದ ಮಾನವಾದ ‘ಗ್ರೇನ್’ ಅನ್ನು ಕಾಳು ಎಂದೋ ಧಾನ್ಯ ಎಂದೋ ಅನುವಾದಿಸುವುದು ಸಲ್ಲದು. 7000 ಗ್ರೇನುಗಳಿಗೆ ಒಂದು ಪೌಂಡ್; ಒಂದು ಗ್ರೇನ್ ಸುಮಾರು 64.8 ಮಿಲಿಗ್ರಾಂ. ಅಕ್ಕಸಾಲಿಗರ ಗುಲಗಂಜಿಯೂ ಬೀಜದಿಂದಲೇ ಬಂದ ತೂಕವಾದರೂ ಅದರ ಪ್ರಮಾಣ ಬೇರೆ.

ಕೊನೆಯದಾಗಿ, ಗುಂಡು ತನ್ನ ಸುತ್ತ ತಿರುಗುತ್ತ ಸ್ಥಿರವಾಗಿ ಸಾಗುವಂತೆ ನಳಿಗೆಯ ಒಳಮೈಯಲ್ಲಿ ಕೊರೆದಿರುವ ಓರೆಯಾದ ಕಾಲುವೆಗಳು. ಇವುಗಳಿಂದಲೇ ರೈಫಲ್ಲಿಗೆ ಆ ಹೆಸರು ಬಂದಿದ್ದು, ಇವಿಲ್ಲದ ಕೋವಿ ರೈಫಲ್ಲಲ್ಲ. ‘ಸುರುಳಿಗೆರೆ’ ಎಂದರೆ ಮೇಲೆ ಎಳೆದ ಗೆರೆಯಂತೆ ತೋರುತ್ತದೆ. ‘ತಿರುಪು’ ಎಂದರೆ ತಿರುವೂ ಕೊರೆತವೂ ಒಟ್ಟಿಗೆ ಹೊಳೆಯುತ್ತವೆ, ‘ಹದಿನೈದು ಅಂಗುಲಕ್ಕೊಂದು ತಿರುಪು’ ಎಂದು ಅಳತೆಯನ್ನೂ ಹೇಳಲು ಬರುತ್ತದೆ. ಕೊಡಗಿನಲ್ಲಾಗಲಿ, ಸೇನೆಯಲ್ಲಿದ್ದ ಕನ್ನಡಿಗರಲ್ಲಾಗಲಿ, ಕೋವಿ ದುರಸ್ತಿ ಮಾಡುವವರಲ್ಲಾಗಲಿ ಇದಕ್ಕೆ ಬೇರೆ ಮಾತು ಬಳಕೆಯಲ್ಲಿದ್ದರೆ, ಅದನ್ನು ಕೇಳಿದ ಊರಿನ ಹೆಸರಿನೊಂದಿಗೆ ಬಲ್ಲವರು ತಿಳಿಸಬೇಕೆಂದು ಕೋರುತ್ತೇನೆ.