ಟರ್ಬೊ ಪೆಟ್ರೋಲ್ ಕಾರು: ಮಧ್ಯಾಹ್ನ ಪಿಕಪ್ ಇಲ್ಲ, ಪಿ0299 ಕೋಡ್ ಬರ್ತಿದೆ (ಬಳ್ಳಾರಿ)

ತೋರಣಗಲ್ಲು_ಡ್ರೈವ್:
ಎಲ್ಲರಿಗೂ ನಮಸ್ಕಾರ. ನನ್ನದು 1.0 ಲೀಟರ್, ಮೂರು ಸಿಲಿಂಡರಿನ ಟರ್ಬೊ ಪೆಟ್ರೋಲ್, ಮ್ಯಾನುವಲ್. ದಿನಾ ಬಳ್ಳಾರಿಯಿಂದ ತೋರಣಗಲ್ಲಿಗೆ ಓಡಾಟ. ಬೆಳಿಗ್ಗೆ ಗಾಡಿ ಪರವಾಗಿಲ್ಲ. ಮಧ್ಯಾಹ್ನ ವಾಪಸ್ ಬರುವಾಗ ಅದಿರು ಲಾರಿ ಓವರ್‌ಟೇಕ್ ಮಾಡೋಣ ಅಂತ ಮೂರನೇ ಗೇರಿನಲ್ಲಿ ಒತ್ತಿದರೆ ಎಳೆಯುವುದೇ ಇಲ್ಲ. 2,000 ಆರ್‌ಪಿಎಂ ದಾಟಿದ ಮೇಲೆ ಬರುತ್ತಿದ್ದ ನೂಕು ಮಾಯ. ಬಾನೆಟ್ ಕಡೆಯಿಂದ ಸುಯ್ ಅಂತ ಸದ್ದು ಬೇರೆ. ಗ್ಯಾರೇಜಿನವರು ಕೋಡ್ ನೋಡಿದವರೇ "ಟರ್ಬೊ ಹೋಗಿದೆ, ಬದಲಿಸಿ" ಅಂದುಬಿಟ್ಟರು. ಹೊಗೆ ಇಲ್ಲ, ಆಯಿಲ್ ಕಮ್ಮಿಯಾಗಿಲ್ಲ. ವಾರಂಟಿ ಮುಗಿದಿದೆ. ಹಾಕಿಸಲೇಬೇಕಾ?

ಹೊಸಪೇಟೆ_ಬೂಸ್ಟ್:
ಸದ್ಯಕ್ಕೆ ದುಡ್ಡು ಬಿಚ್ಚಬೇಡಿ. ಟರ್ಬೊ ಅಂದರೆ ಎಕ್ಸಾಸ್ಟ್ ಗ್ಯಾಸಿನ ಬಲದಿಂದ ತಿರುಗಿ ಎಂಜಿನ್ನಿಗೆ ಗಾಳಿ ಒತ್ತುವ ಪಂಪ್. ಪಿ0299 ಬಂದ ಮಾತ್ರಕ್ಕೆ ಅದು ಸತ್ತಿದೆ ಅಂತ ಅಲ್ಲ. ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್) ಕೇಳಿದಷ್ಟು ಒತ್ತಡ ಮ್ಯಾನಿಫೋಲ್ಡ್‌ಗೆ (ಸಿಲಿಂಡರ್‌ಗಳಿಗೆ ಗಾಳಿ ಹಂಚುವ ಕೊಳವೆ) ಬರ್ತಿಲ್ಲ, ಅಷ್ಟೇ. ಒತ್ತಿದ ಗಾಳಿ ದಾರಿಯಲ್ಲೇ ಸೋರಿರಬಹುದು. ವೇಸ್ಟ್‌ಗೇಟ್ (ಹೆಚ್ಚಾದ ಎಕ್ಸಾಸ್ಟ್ ಗ್ಯಾಸನ್ನು ಪಕ್ಕಕ್ಕೆ ಬಿಡುವ ಬಾಗಿಲು) ಸರಿಯಾಗಿ ಮುಚ್ಚದೆ ಎಕ್ಸಾಸ್ಟ್ ಗ್ಯಾಸ್ ಟರ್ಬೊದ ಚಕ್ರಕ್ಕೆ ಸಿಗದೆ ಪಕ್ಕದಿಂದ ಜಾರಿರಬಹುದು. ಕಟ್ಟಕಡೆಗೆ ಟರ್ಬೊ. ಅದರ ಶಾಫ್ಟ್ ನಿಮಿಷಕ್ಕೆ ಲಕ್ಷಕ್ಕೂ ಜಾಸ್ತಿ ಸುತ್ತು ತಿರುಗುತ್ತೆ. ಬೇರಿಂಗ್ ಹೋದರೆ ಸುಮ್ನೆ ಇರಲ್ಲ, ನೀಲಿ ಹೊಗೆ ಬಿಡುತ್ತೆ, ಆಯಿಲ್ ಕುಡಿಯುತ್ತೆ.

ನಿಮ್ಮ ಸುಯ್ ಸದ್ದು ಕೇಳಿದರೆ ನನಗೆ ಅನುಮಾನ ಪೈಪ್ ಮೇಲೆ. ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಕೆಳಗಿನ ಪ್ಲಾಸ್ಟಿಕ್ ತಟ್ಟೆ ಬಿಚ್ಚಿ, ಇಂಟರ್‌ಕೂಲರಿನ (ಟರ್ಬೊ ಒತ್ತಿದ ಬಿಸಿ ಗಾಳಿಯನ್ನು ತಣ್ಣಗೆ ಮಾಡುವ ಭಾಗ) ಎರಡೂ ಕಡೆಯ ರಬ್ಬರ್ ಹೋಸ್‌ಗೆ ಟಾರ್ಚ್ ಬಿಡಿ. ಬ್ರೀದರ್‌ನಿಂದ (ಎಂಜಿನ್ ಒಳಗಿನ ಆವಿ ಬಿಡುವ ನಳಿಕೆ) ಬರುವ ತೆಳು ಆಯಿಲ್ ಪಸೆ ಆ ಪೈಪಿನೊಳಗೆ ಇದ್ದೇ ಇರುತ್ತೆ. ಗಾಳಿ ಸೋರುವ ಕಡೆ ಅದೂ ಹೊರಗೆ ಬರುತ್ತೆ, ಅದಕ್ಕೆ ನಮ್ಮ ರಸ್ತೆಯ ಅದಿರಿನ ಧೂಳು ಅಂಟುತ್ತೆ. ಕುಂಕುಮ ಕಲಸಿ ಬಳಿದ ಹಾಗೆ ಕೆಂಪು ಪಟ್ಟಿ ಕಂಡರೆ ಕಳ್ಳ ಸಿಕ್ಕ ಅಂತಲೇ ಲೆಕ್ಕ. ಬೇರೆ ಊರಲ್ಲಿ ಈ ಸೌಲಭ್ಯ ಇಲ್ಲ!

ರಾಯಚೂರು_ಬಿಸಿಲು:
ಅಷ್ಟೆಲ್ಲ ಯಾಕ್ರೀ? ಏಪ್ರಿಲ್, ಮೇನಲ್ಲಿ ಎಲ್ಲ ಟರ್ಬೊ ಗಾಡಿನೂ ಹೀಗೇ. ಸಂಜೆ ಓಡಿಸಿ, ಸರಿ ಹೋಗುತ್ತೆ.

ಹೊಸಪೇಟೆ_ಬೂಸ್ಟ್:
ಅರ್ಧ ಒಪ್ತೀನಿ ಅಣ್ಣ. 40 ಡಿಗ್ರಿ ಗಾಳಿಯನ್ನು ದುಪ್ಪಟ್ಟು ಒತ್ತಡಕ್ಕೆ ಒತ್ತಿದರೆ ಅದು 100 ಡಿಗ್ರಿ ದಾಟುತ್ತೆ. ಇಂಟರ್‌ಕೂಲರ್ ಅದನ್ನು ಇಳಿಸದಿದ್ದರೆ ನಾಕಿಂಗ್ (ಪೆಟ್ರೋಲ್ ತಾನಾಗೇ ಸಿಡಿಯುವುದು) ಆಗದಿರಲಿ ಅಂತ ಇಸಿಯು ಕಿಡಿ ಹೊತ್ತಿಸುವ ಟೈಮಿಂಗ್ ಹಿಂದಕ್ಕೆ ಹಾಕುತ್ತೆ, ಪವರ್ ಇಳಿಯುತ್ತೆ. ಆದರೆ ಅದು ಮೆಲ್ಲಗೆ ಆಗುವ ಕಥೆ. ಬರೀ ಬಿಸಿಲಿಗೆ ಸಾಮಾನ್ಯವಾಗಿ ಪಿ0299 ಬರಲ್ಲ, ಸದ್ದೂ ಬರಲ್ಲ. ಬಿಸಿಗೆ ರಬ್ಬರ್ ಮೆತ್ತಗಾಗಿ ಬಿರುಕು ಬಾಯಿ ಬಿಡುತ್ತೆ, ಅದಕ್ಕೇ ಇವರದು ಮಧ್ಯಾಹ್ನ ಜಾಸ್ತಿ.

ಮುನಿರಾಬಾದ್_ಅಲೆ:
ಮಧ್ಯೆ ಬಾಯಿ ಹಾಕ್ತೀನಿ, ಕ್ಷಮಿಸಿ. ಜೆಟ್‌ಸ್ಕೀಗೂ ಟರ್ಬೊ ಬರುತ್ತಂತೆ, ಹೌದಾ? ಅವಕ್ಕೆ ಈ ಬಿಸಿ ತಾಪತ್ರಯ ಇಲ್ವಾ?

ಹೊಸಪೇಟೆ_ಬೂಸ್ಟ್:
ಬಂದಿತ್ತು. ಹೋಂಡಾ 2002ರಲ್ಲಿ ಅಕ್ವಾಟ್ರ್ಯಾಕ್ಸ್ ಎಫ್-12ಎಕ್ಸ್ ಅಂತ ಬಿಟ್ಟಿತು, 1,235 ಸಿಸಿ ಟರ್ಬೊ. ಈಗಿನ ದೊಡ್ಡ ಸೀ-ಡೂ, ಯಮಾಹಾ, ಕವಾಸಾಕಿಗಳಲ್ಲಿರುವುದು ಸೂಪರ್‌ಚಾರ್ಜರ್. ಅದನ್ನು ತಿರುಗಿಸುವುದು ಎಕ್ಸಾಸ್ಟ್ ಅಲ್ಲ, ಎಂಜಿನ್ನೇ. ಹಾಗಾಗಿ ಥ್ರಾಟಲ್ ಒತ್ತಿದ ತಕ್ಷಣ ಎಳೆತ. ತಣ್ಣಗಿಡಲು ಸುತ್ತ ನೀರಿದೆ ನಿಜ, ಆದರೆ ಅಲ್ಲಿ ಇಳಿಜಾರು ಇಲ್ಲ, ಗೇರೂ ಇಲ್ಲ. ವೇಗ ಬೇಕು ಅಂದಷ್ಟು ಹೊತ್ತೂ ನೀರು ಚಿಮ್ಮಿಸಿ ಮುಂದೆ ನೂಕುವ ಪಂಪನ್ನು ಎಂಜಿನ್ ಜೋರಾಗಿ ತಿರುಗಿಸುತ್ತಲೇ ಇರಬೇಕು. ಜಾಸ್ತಿ ಕೇಳೋದಿದ್ದರೆ ಬೇರೆ ಚರ್ಚೆ ಶುರು ಮಾಡಿ, ಇಲ್ಲಿ ಪಾಪ ಇವರ ಕಾರು ನಿಂತಿದೆ.

ತೋರಣಗಲ್ಲು_ಡ್ರೈವ್:
ಅಣ್ಣ, ಕೆಂಪು ಪಟ್ಟಿ ಸಿಕ್ತು! ಇಂಟರ್‌ಕೂಲರಿಂದ ಥ್ರಾಟಲ್ ಕಡೆ ಹೋಗುವ ಹೋಸ್, ಕ್ಲಾಂಪ್ ಕೂರುವ ಅಂಚಿನ ಅಡಿಯಲ್ಲಿ. ಮೇಲಿಂದ ಏನೂ ಕಾಣಲ್ಲ. ಬಗ್ಗಿಸಿದರೆ ಉಗುರು ತೂರುವಷ್ಟು ಸೀಳು, ಸುತ್ತ ಜಿಡ್ಡು ಕೆಸರು. ಹೊಸ ಹೋಸ್ ತರಿಸ್ತಿದ್ದೀನಿ. ಅಲ್ಲಿವರೆಗೆ ಟೇಪ್ ಸುತ್ತಲಾ?

ಹೊಸಪೇಟೆ_ಬೂಸ್ಟ್:
ಟೇಪ್ ನಿಲ್ಲಲ್ಲ. ಜಿಡ್ಡಿಗೆ ಅಂಟಲ್ಲ, ಬೂಸ್ಟ್ (ಟರ್ಬೊ ಕೊಡುವ ಒತ್ತಡ) ಏರಿದಾಗ ಕಿತ್ತುಕೊಳ್ಳುತ್ತೆ. ಮೆಲ್ಲಗೆ ಓಡಿಸಿ, ಸಾಕು. ಹೋಸ್ ಹಾಕುವಾಗ ಕ್ಲಾಂಪೂ ಹೊಸದೇ ಇರಲಿ. ಒಳಗಿನ ಜಿಡ್ಡು ಒರೆಸದೆ ಕೂರಿಸಿದರೆ ಮತ್ತೆ ಜಾರುತ್ತೆ.

ಆಮೇಲೆ ಸ್ಕ್ಯಾನರ್ ಹಾಕಿ, ಮ್ಯಾನಿಫೋಲ್ಡಿನ ಒತ್ತಡ ಅಳೆಯುವ ಮ್ಯಾಪ್ ಸೆನ್ಸರ್ ನೋಡಿ. ಎಂಜಿನ್ ಸ್ಟಾರ್ಟ್ ಮಾಡದೆ ಕೀ ಮಾತ್ರ ಆನ್ ಮಾಡಿದಾಗ ಬಳ್ಳಾರಿಯ ಎತ್ತರಕ್ಕೆ ಸುಮಾರು 95 ಕಿಲೋಪಾಸ್ಕಲ್ ತೋರಿಸಬೇಕು. 80 ಅಂತಲೋ 110 ಅಂತಲೋ ಬಂದರೆ ಸೆನ್ಸರೇ ಸುಳ್ಳು ಹೇಳ್ತಿದೆ. ಅದು ಸರಿ ಇದ್ದರೆ ಖಾಲಿ ರಸ್ತೆಯಲ್ಲಿ ಮೂರನೇ ಗೇರ್, ಪೂರ್ತಿ ಆಕ್ಸಿಲರೇಟರ್. ಇಸಿಯು ಕೇಳಿದ ಬೂಸ್ಟು, ಬಂದ ಬೂಸ್ಟು ಹತ್ತಿರ ಹತ್ತಿರ ಓಡಬೇಕು. ಸ್ಕ್ಯಾನರ್ ಪಕ್ಕದಲ್ಲಿ ಕೂತವರು ನೋಡಲಿ, ನೀವಲ್ಲ.

ತೋರಣಗಲ್ಲು_ಡ್ರೈವ್:
ಹೊಸ ಹೋಸ್, ಕ್ಲಾಂಪ್ ಎರಡೂ ಹಾಕಿಸಿದೆ. ಮ್ಯಾಪ್ 95 ತೋರಿಸಿತು. ಸದ್ದು ನಿಂತಿದೆ, ಎರಡು ಬೂಸ್ಟೂ ಜೊತೆಗೇ ಏರ್ತಿವೆ. ಕೋಡ್ ಅಳಿಸಿದ ಮೇಲೆ ವಾಪಸ್ ಬಂದಿಲ್ಲ. ಟರ್ಬೊ ಹಳೇದೇ! ಇಂಟರ್‌ಕೂಲರ್ ತುಂಬ ಧೂಳು ಕೂತಿದೆ, ವಾಟರ್ ಸರ್ವಿಸ್‌ನಲ್ಲಿ ಪ್ರೆಷರ್ ಹೊಡೆಸಬಹುದಾ?

ಹೊಸಪೇಟೆ_ಬೂಸ್ಟ್:
ಬೇಡ, ಅದರ ಫಿನ್ (ತೆಳು ತಗಡಿನ ಪಟ್ಟಿ) ಮಡಚಿ ಹೋಗುತ್ತೆ. ಮೆತ್ತನೆ ಬ್ರಷ್, ಮನೆಯ ಪೈಪಿನ ಸಾದಾ ನೀರು, ಸಾಧ್ಯವಾದರೆ ಎಂಜಿನ್ ಕಡೆಯಿಂದ ಹೊರಕ್ಕೆ ಬಿಡಿ. ಮುಂದೆ ಇರುವ ಎಸಿ ಕಂಡೆನ್ಸರನ್ನೂ ಹಾಗೇ ತೊಳೆಯಿರಿ. ಏರ್ ಫಿಲ್ಟರನ್ನೂ ಒಮ್ಮೆ ತೆಗೆದು ನೋಡಿ, ಈ ರಸ್ತೆಯಲ್ಲಿ ಪುಸ್ತಕ ಹೇಳಿದಷ್ಟು ಕಿಲೋಮೀಟರ್ ಅದು ಬಾಳಲ್ಲ.